ಕಾಲಿರುವ ಸಿಗಡಿ

ಸಿರುಗುಪ್ಪದ ಹೊಳೆದಂಡೆಯಲ್ಲಿ ಮೀನು ಹಿಡಿಯುವ ಹುಲಿಗೆಮ್ಮ, ಬಲೆಯಿಂದ ಸಿಗಡಿ ಬಿಡಿಸಿದ ಕೂಡಲೇ ಅದರ ಇಕ್ಕಳದಂಥ ಎರಡು ಉದ್ದ ಕಾಲುಗಳನ್ನು ಚಟಕ್ಕನೆ ಮುರಿದು ನೀರಿಗೆ ಎಸೆಯುತ್ತಿದ್ದರು. ದೊಡ್ಡ ಗಂಡು ಸಿಗಡಿಗಳ ಕಾಲು ನೀಲಿ, ಮೈಗಿಂತ ಉದ್ದ.

ನಾನು ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಈ ಹೊಳೆಯ ಸಿಗಡಿ ಉದ್ದಕ್ಕೆ ತಕ್ಕ ತೂಕ ಪಡೆಯುತ್ತಿದೆಯೇ, ಸೊರಗಿದೆಯೇ ಎಂದು ನೋಡಲು ಬಂದಿದ್ದೆ. ಕಾಲು ಮುರಿದದ್ದನ್ನು ತೂಗಿ ಏನು ಪ್ರಯೋಜನ?

“ಕಾಲ್ಯಾಕ ಮುರೀತೀರಿ ಅಮ್ಮಾ?”

“ಕೈ ಹಿಡದ್ರ ಬಿಡಂಗಿಲ್ರಿ ಅವು. ಕಾಲಾಗ ತಿನ್ನಾಕ ಏನೈತಿ?”

ಬೇಡಿಕೊಂಡ ಮೇಲೆ ಒಂದಷ್ಟನ್ನು ಕಾಲು ಮುರಿಯದೆ, ಜೀವಂತವಾಗಿ ನನ್ನ ಬಕೆಟ್ಟಿಗೆ ಹಾಕಿದರು. ಹಾಕುವಾಗ ಬೆರಳು ಕಚ್ಚಿಸಿಕೊಂಡು ಬೈದರು. ಬೈದದ್ದು ಸಿಗಡಿಗೋ ನನಗೋ, ನಾನು ಕೇಳಲಿಲ್ಲ.

ಬಳ್ಳಾರಿಗೆ ಮರಳುವ ಬಸ್ಸು ಕುರುಗೋಡಿನಲ್ಲಿ ಚಹಾಕ್ಕೆಂದು ನಿಂತಾಗ ಬಕೆಟ್ಟಿನ ಮುಚ್ಚಳ ತೆಗೆದೆ. ದಾರಿಯುದ್ದಕ್ಕೂ ಅವು ತಮ್ಮತಮ್ಮಲ್ಲೇ ಹೊಡೆದಾಡಿದ್ದವು. ಬಕೆಟ್ಟಿನ ತಳದಲ್ಲಿ ಬಿಡಿ ಕಾಲುಗಳು ಹರಡಿದ್ದವು. ಆಗಷ್ಟೇ ಹಳೆಯ ಚಿಪ್ಪು ಕಳಚಿ ಮೆತ್ತಗಾಗಿದ್ದ ಒಂದು ಸಿಗಡಿ ಅರ್ಧ ಮಾತ್ರ ಉಳಿದಿತ್ತು.

ಕಂಡಕ್ಟರ್ ಬಗ್ಗಿ ನೋಡಿದರು. “ಸಾರು ಮಾಡಾಕ ಏನೂ ಅಡ್ಡಿಯಿಲ್ಲ ಬಿಡ್ರಿ ಸರ್.”

ಎರಡೂ ಕಾಲು ಉಳಿಸಿಕೊಂಡು ತೂಗಲು ಯೋಗ್ಯವಾಗಿದ್ದದ್ದು ಒಂದೇ ಒಂದು. ಅದು ಇನ್ನೂ ಆ ಮೆತ್ತನೆಯದನ್ನು ತಿನ್ನುತ್ತಲೇ ಇತ್ತು.