ವಿಮಾನ ಹೋದ ಮೇಲಿನ ಗಾಳಿ

ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು ನಾನು. ಗಾಳಿಯ ಪಾಠ ನನಗೆ ಕಲಿಸಿದವರು ಖಾನಾಪುರದ ಒಬ್ಬ ಹೆಂಚು ಹೊದಿಸುವವರು. ಅವರ ಹೆಸರು ಕೆಡಿಸಿದವನೂ ನಾನೇ.

ಬೆಳಗಾವಿಯಲ್ಲಿ ವಿಮಾನಗಳು ಇಳಿಯುವ ದಾರಿಯ ಕೆಳಗೇ ನಮ್ಮ ಮನೆ. ಛಾವಣಿಗೆ ಖಾನಾಪುರದ ಹೆಂಚು. ಆ ಹಿರಿಯರು ಹೊದಿಸಿ ಹೋದ ತಿಂಗಳೊಳಗೆ ಒಂದೇ ಬದಿಯ ಹೆಂಚು ಎರಡು ಸಲ ಕಿತ್ತು ಜಾರಿದವು. ಅದೂ ಎಲೆ ಅಲುಗುವಷ್ಟೇ ಗಾಳಿಯಿದ್ದ ಸಂಜೆಗಳಲ್ಲಿ. ಅವರನ್ನು ಕರೆಸಿದೆ. ಅವರಿಂದಲೇ ಮನೆ ಹೊದಿಸಬೇಕೆಂದಿದ್ದ ನೆರೆಯವರೂ ಬಂದು ನಿಂತರು.

ವಿಮಾನ ದಾಟಿ ಸಪ್ಪಳ ಅಡಗಿದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು ಗಾಳಿ ಇಳಿದು ಬರುತ್ತದೆ, ಮೇಲೆ ಕೂತಾಗ ತಮ್ಮ ಮೈಗೇ ತಾಗಿದೆ ಎಂದರು ಆ ಹಿರಿಯರು. ನನಗೆ ಸಿಟ್ಟು ನೆತ್ತಿಗೇರಿತು.

‘ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ,’ ಎಂದೆ.

ಎಲ್ಲರೂ ನಕ್ಕರು. ಆ ಹಿರಿಯರು ಏಣಿ ಹತ್ತಿದರು, ಸಂಜೆಯವರೆಗೆ ಕೆಲಸ ಮಾಡಿ ಬಸ್ಸು ಹಿಡಿದರು. ಆಮೇಲೆ ಒಂದು ಹೆಂಚೂ ಅಲುಗಲಿಲ್ಲ. ನಾಲ್ಕು ಬೈದರೆ ಕೆಲಸ ನೆಟ್ಟಗಾಗುತ್ತದೆ ನೋಡಿ ಎಂದು ಕೊಚ್ಚಿಕೊಂಡೆ. ನೆರೆಯವರು ಬೇರೆ ಕೆಲಸಗಾರರನ್ನು ಹುಡುಕಿದರು.

ಮೊನ್ನೆ ಬಾಜು ಹೊಲದಲ್ಲಿ ಕಬ್ಬಿನ ಒಣ ಸೋಗೆ, ರವದಿ, ಸುಟ್ಟಿದ್ದರು. ತೆಳ್ಳಗೆ ಹರಡಿದ್ದ ಹೊಗೆಯನ್ನು ಸೀಳಿ ವಿಮಾನ ಇಳಿಯಿತು. ಸಪ್ಪಳ ಹೋಯಿತು. ಆಗ ಎರಡು ರೆಕ್ಕೆಗಳ ಹಿಂದಿನ ಹೊಗೆ ಎರಡು ಸುರುಳಿಯಾಗಿ ತಿರುಗುತ್ತ ಕೆಳಗಿಳಿಯತೊಡಗಿತು. ನೆಲ ಹತ್ತಿರವಾದಾಗ ಇನ್ನೂ ಇಳಿಯಲಾರದೆ ಸುರುಳಿಗಳು ಒಂದರಿಂದೊಂದು ದೂರ ಸರಿದವು. ಒಂದು ಹೊಲದ ಕಡೆ ಹೋಯಿತು. ಇನ್ನೊಂದಕ್ಕೆ ಎದುರಿನ ಸಣ್ಣ ಗಾಳಿ ಅಡ್ಡ ನಿಂತಿತು. ಅದು ನಮ್ಮ ಛಾವಣಿಯ ಮೇಲೇ ತಿರುಗುತ್ತ ಉಳಿಯಿತು. ಹೆಂಚುಗಳು ಗಲಗಲ ಎಂದವು. ಒಂದೂ ಏಳಲಿಲ್ಲ.

ಅಟ್ಟ ಹತ್ತಿ ಬ್ಯಾಟರಿ ಹಿಡಿದೆ. ಆ ಬದಿಯಲ್ಲಿ ಮಾತ್ರ ಮೂರು ಸಾಲಿನ ಪ್ರತಿ ಹೆಂಚನ್ನೂ ತಂತಿಯಿಂದ ಕೆಳಗಿನ ಮರದ ರೀಪಿಗೆ ಬಿಗಿದು ಕಟ್ಟಿದ್ದರು. ಬೈಸಿಕೊಂಡ ದಿನವೇ ಕಟ್ಟಿದ್ದು. ನಾಚಿಕೆಯಿಂದ ಅಲ್ಲೇ ಕೂತುಬಿಟ್ಟೆ.

ಮರುದಿನ ಖಾನಾಪುರಕ್ಕೆ ಹೋದೆ. ಮನೆಯಲ್ಲಿ ಅವರೊಬ್ಬರೇ ಇದ್ದರು. ‘ತಪ್ಪಾತ್ರಿ ಕಾಕಾ,’ ಎಂದೆ. ಅವರು ಕೂರಿಸಿದರು, ಚಹಾ ಕೊಟ್ಟರು.

‘ನನಗ ಮೊದಲ ಗೊತ್ತಿತ್ರಿ ಸರ. ಅವತ್ತ ನಕ್ಕರಲ್ಲ, ಅವರಿಗ ಹೇಳ್ರಿ.’

ಎಂಟು ದಿನವಾಯಿತು. ಆ ನೆರೆಯವರ ಜೊತೆ ದಿನಾ ಸಂಜೆ ಕಟ್ಟೆಯ ಮೇಲೆ ಕೂರುತ್ತೇನೆ. ವಿಮಾನ ಇಳಿಯುತ್ತದೆ, ಹೆಂಚು ಗಲಗಲ ಎನ್ನುತ್ತವೆ. ನಾನಿನ್ನೂ ಹೇಳಿಲ್ಲ.