ಅಂಬವ್ವನ ಕೆಂಪು ಕೈ

ಮಲಾಡಿನ ಚಾಳಿನಲ್ಲಿ ಅಂಬವ್ವ ನಲವತ್ತು ವರ್ಷದಿಂದ ನನ್ನ ಪಕ್ಕದ ಖೋಲಿಯವಳು. ಅಫಜಲಪುರದ ಕಡೆಯವಳು. ಎದುರಿನ ದೊಡ್ಡ ಸೊಸೈಟಿ ಬಿಲ್ಡಿಂಗಿನಲ್ಲಿ ಮೆಟ್ಟಿಲು ಒರೆಸುತ್ತಿದ್ದಳು. ಚಾಳಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಅವಳ ಬಾಗಿಲು ಬಡಿಯುತ್ತಿದ್ದೆವು. ನನ್ನ ಮಗ ಮುಶರಫ ಹುಟ್ಟಿದ್ದೂ ಅವಳ ಕೈಯಲ್ಲೇ. ಆ ದಿನ ಮಳೆ, ಒಂದೂ ರಿಕ್ಷಾ ಸಿಗಲಿಲ್ಲ.

ಹೋದ ತಿಂಗಳು ಆ ಸೊಸೈಟಿಯ ಹನ್ನೊಂದನೇ ಮಾಳಿಗೆಯಲ್ಲಿ ಅಡಿಗೆ ಮಾಡುವ ಶಿವಕುಮಾರಿಗೆ ದಿನ ತುಂಬುವ ಮೊದಲೇ ನೋವು ಬಂತು. ಕೆಲಸದವರ ಲಿಫ್ಟ್ ಕೆಟ್ಟಿತ್ತು. ಮಾಲಕರ ಲಿಫ್ಟಿನಲ್ಲಿ ಕೆಲಸದವರು ಕಾಲಿಡಬಾರದೆಂದು ಬೋರ್ಡೇ ಇದೆ. ಅಂಬವ್ವ ಅವಳನ್ನು ಅದರಲ್ಲೇ ಕೂರಿಸಿದಳು. ಕೆಳಗೆ ಇಳಿಯುವಷ್ಟರಲ್ಲಿ ಮಗು ಕೈಗೆ ಬಂತು. ಹೆಣ್ಣು.

ತಾಯಿ ಮಗು ಆಸ್ಪತ್ರೆಗೆ ಹೋದರು. ಸಂಜೆ ನನ್ನ ಮೊಮ್ಮಗಳು ಬುಷರಾ ಮೊಬೈಲ್ ಹಿಡಿದು ಓಡಿ ಬಂದಳು.

"ದಾದೀ, ನೋಡು, ಅಂಬವ್ವ ನಾನಿ ಫೋಟೋ!"

ಲಿಫ್ಟಿನ ಕ್ಯಾಮೆರಾದ್ದು, ತಾಯಿ ಮಗುವನ್ನು ಹೊರಗೆ ಸಾಗಿಸಿದ ಮೇಲಿನದು. ಅಂಬವ್ವ ಒಬ್ಬಳೇ ನಿಂತಿದ್ದಾಳೆ, ಮುಂಗೈವರೆಗೆ ರಕ್ತ. ಕೆಳಗೆ ಸೊಸೈಟಿಯ ಸೆಕ್ರೆಟರಿ ಹಿತೇಶ್ ಇಂಗ್ಲಿಷಿನಲ್ಲಿ ಬರೆದಿದ್ದ: ಮಾಲಕರ ಲಿಫ್ಟಿನಲ್ಲಿ ರೆಡ್-ಹ್ಯಾಂಡೆಡ್ ಸಿಕ್ಕಿದ್ದಾಳೆ, ಗೇಟಿನೊಳಗೆ ಬಿಡುವ ಕಾರ್ಡ್ ಬಂದ್.

"ರೆಡ್-ಹ್ಯಾಂಡೆಡ್ ಅಂದ್ರ ಏನವ್ವಾ?"

"ಚೋರಿ ಮಾಡ್ತಾ ಮಾಡ್ತಾ ಸಿಗೋದು, ದಾದಿ." ಮೊಬೈಲ್ ಇನ್ನಷ್ಟು ಒತ್ತಿ ಓದಿದಳು. "ಪಹಲೇ ಇಂಗ್ರೇಜರ ಕಡೆ, ಖೂನ್ ಮಾಡಿದವನು ಕೈಮೇಲಿನ ರಕ್ತ ಒಣಗೋ ಮೊದಲೇ ಸಿಕ್ಕರೆ ಹಾಗೆ ಅಂತಿದ್ರಂತೆ. ಅಲ್ಲಿಂದ ಬಂತಂತೆ ಈ ಮಾತು."

ಕೊಲೆಗಾರನ ಮಾತು! ನನ್ನ ಮುಶರಫನ ಹೊಕ್ಕಳುಬಳ್ಳಿ ಕತ್ತರಿಸಿದ ಕೈಗೆ!

ಮರುದಿನ ಅಂಬವ್ವನ ಜೊತೆ ನಾನೂ ಸೊಸೈಟಿ ಆಫೀಸಿಗೆ ಹೋದೆ. ಹಿತೇಶ್ ಕಾಗದ ತಯಾರಿಟ್ಟಿದ್ದ. ತಪ್ಪಾಯಿತು ಎಂದು ಬರೆದಿದೆ, ಹೆಬ್ಬೆಟ್ಟು ಒತ್ತಿದರೆ ಕಾರ್ಡ್ ಚಾಲೂ ಎಂದ. ಅಂಬವ್ವ ಶಾಯಿಯ ಡಬ್ಬಿ ನೋಡಿದಳು, ನನ್ನ ಕಡೆ ತಿರುಗಿದಳು.

"ಹಲೀಮಾಬಿ, ನಿನ್ನ ಹಿಂದಿ ಛಲೋ ಐತಿ, ಅವಂಗ ಹೇಳು. ಆ ಕೈಯಾಗ ಏನಿತ್ತು, ಅದನ್ನೂ ಬರಿ ಅನ್ನು. ಆಮ್ಯಾಲ ಒತ್ತತೀನಿ."

ನಾನು ಹೇಳಿದೆ. ಅವನು ನಕ್ಕ. "ಅರೆ ಮೌಸಿ, ವೋ ಸಬ್ ನಹೀಂ ಲಿಖತೇ." ಅದೆಲ್ಲ ಬರೆಯೋದಿಲ್ಲವಂತೆ.

ಅಂಬವ್ವ ಡಬ್ಬಿಯ ಮುಚ್ಚಳ ಹಾಕಿ ಅವನ ಕಡೆ ಸರಿಸಿದಳು. ಹದಿನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಕಾಂದಿವಲಿಯ ಒಂದು ಬಿಲ್ಡಿಂಗಿಗೆ ಹೋಗುತ್ತಾಳೆ. ಮೊದಲ ದಿನವೇ ವಾಚ್‌ಮನ್‌ನನ್ನು ಕೇಳಿದಳಂತೆ:

"ಯಪ್ಪಾ, ಕೆಲಸದವ್ರ ಲಿಫ್ಟ್ ಚಾಲೂ ಐತಿಲ್ಲೋ? ಇಲ್ಲಾಂದ್ರ ಈಗಲೇ ಹೇಳಿಬಿಡು."