ರಸ್ತೆಗೆ ಮುಖ ಮಾಡಿದ ಮೇಜು

ಶನಿವಾರ ಬೆಳಿಗ್ಗೆ ಆಂಜನೇಯನ ಗುಡಿಯಿಂದ ಹೊರಬಂದ ಮೇಲೆ ನಾನು ಸೀದಾ ಹೋಟೆಲಿಗೆ ಹೋಗುತ್ತೇನೆ. ಒಬ್ಬಳೇ. ರಸ್ತೆಗೆ ಮುಖ ಮಾಡಿರುವ ಮೇಜಿನಲ್ಲಿ ಕೂತು ಎರಡು ಇಡ್ಲಿ ತಿಂದು, ಕಾಫಿ ಕುಡಿದು, ಅರ್ಧ ಗಂಟೆ ಹೋಗಿಬರುವ ಜನರನ್ನು ನೋಡಿಕೊಂಡಿದ್ದು ಮನೆಗೆ ಬರುತ್ತೇನೆ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಐವತ್ತೆರಡು ವರ್ಷದ ಹೆಂಗಸು ಇದನ್ನು ಬಚ್ಚಿಟ್ಟುಕೊಂಡು ಮಾಡಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಲಕ್ಕೂರಿನ ಕಡೆ. ಅಪ್ಪ ಮಾಲೂರಿಗೆ ಹೋದಾಗ ಬಾಳೆಲೆ, ಅದರ ಮೇಲೊಂದು ನ್ಯೂಸ್‌ಪೇಪರು ಸುತ್ತಿದ ಮಸಾಲೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ಹೋಟೆಲಿನ ತಿಂಡಿ ನಮ್ಮ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಹಜಾರದಲ್ಲೇ ಕೂತು ತಿಂದು, ಎಲೆ ಎಸೆದು, ಕೈಕಾಲು ತೊಳೆದು ಒಳಗೆ ಹೋಗಬೇಕು. ಹೆಣ್ಣುಮಕ್ಕಳು ಹೋಟೆಲಿಗೆ ಹೋಗುವ ಮಾತು ಇನ್ನೆಲ್ಲಿ. ದೋಸೆ ಮನೆ ಸೇರುವ ಹೊತ್ತಿಗೆ ಬೆವೆತು ಮೆತ್ತಗಾಗಿರುತ್ತಿತ್ತು. ಮಸಾಲೆ ದೋಸೆ ಇರುವುದೇ ಹಾಗೆ ಎಂದು ನಂಬಿದ್ದೆ. ಅದು ಮುರಿದರೆ ಸದ್ದು ಬರುತ್ತದೆ ಎಂದು ತಿಳಿದದ್ದು ಮದುವೆಯಾದ ಮೇಲೆ.

ಆ ಸದ್ದು ಕೇಳಿದ್ದು ಕೋಲಾರದಲ್ಲಿ. ಸೀರೆ ಕೊಡಿಸಿದ ಮೇಲೆ ನಮ್ಮ ಯಜಮಾನರು ಒಂದು ಹೋಟೆಲಿನ ಫ್ಯಾಮಿಲಿ ರೂಮಿಗೆ ಕರೆದುಕೊಂಡು ಹೋದರು. ಎಣ್ಣೆ ಕೈ ತಾಕಿ ತಾಕಿ ಅಂಚು ಕಪ್ಪಾಗಿದ್ದ ಹಸಿರು ಪರದೆ. ತಿಂಡಿ ಕೊಡುವವನು ಪರದೆ ಸರಿಸಿ ನನ್ನನ್ನು ನೋಡದೆ, "ಸಾರ್, ಅವ್ರಿಗೇನು?" ಅಂದ. "ಅವ್ಳಿಗೂ ಅದೇ" ಅಂದರು ಇವರು. ನಿಜ ಹೇಳುತ್ತೇನೆ, ಆಗ ನನಗೆ ಆ ಪರದೆ ತುಂಬ ಇಷ್ಟವಾಗಿತ್ತು. ಮನೆ ತುಂಬ ಜನ, ಇವರ ಜೊತೆ ನಾಲ್ಕು ಮಾತಾಡಲು ಒಂದು ಮೂಲೆ ಇರಲಿಲ್ಲ. ದೇವರು ಪರದೆ ಹಾಕಿ ಒಂದು ಮೂಲೆ ಮಾಡಿಕೊಟ್ಟ ಎಂದುಕೊಂಡೆ. ಆಮೇಲೆ ಕೋಲಾರಕ್ಕೆ ಹೋಗುವ ಕೆಲಸ ಬಿದ್ದಾಗಲೆಲ್ಲ ಮೊದಲು ನೆನಪಾಗುತ್ತಿದ್ದದ್ದು ಪರದೆ.

ಮಗಳು ಹುಟ್ಟಿದ ಮೇಲೆ ಪರದೆ ಯಾರಿಗೆ ಬೇಕು. ಬಿಸಿನೀರು ಯಾರು ಕೊಡುತ್ತಾರೆ, ಮಗು ಕಕ್ಕಿದರೆ ಮುಖ ಸಿಂಡರಿಸದ ಹೋಟೆಲು ಯಾವುದು, ಕೈ ತೊಳೆಯುವ ಜಾಗ ಹತ್ತಿರವಿದೆಯೇ, ಇಷ್ಟೇ ನೋಡುತ್ತಿದ್ದೆ. ಅಮ್ಮನ ಮನೆಗೆ ಹೋಗಿಬರುವಾಗ ಮಾಲೂರಿನಲ್ಲಿ ಒಂದು ಹೋಟೆಲಿತ್ತು. ರುಚಿ ಅಷ್ಟಕ್ಕಷ್ಟೆ. ಆದರೆ ಅಲ್ಲಿನ ಭಟ್ಟರು ನನ್ನನ್ನು ಕಂಡ ಕೂಡಲೇ ಹಾಲಿನ ಬಾಟಲಿ ಇಸಕೊಂಡು ಕುದಿಯುವ ನೀರಿನಲ್ಲಿ ಅದ್ದಿ ಕೊಡುತ್ತಿದ್ದರು. ನಾನು ಕೇಳದೆಯೇ. ಅವರ ಹೊಟ್ಟೆ ತಣ್ಣಗಿರಲಿ ಎಂದು ಈಗಲೂ ದೀಪ ಹಚ್ಚುವಾಗ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಆ ವರ್ಷಗಳಲ್ಲಿ ನಾನು ತಿಂದದ್ದು ಮಗಳು ಬಿಟ್ಟ ದೋಸೆಯ ಅಂಚು.

ಅದೇ ಮಗಳು ಕಾಲೇಜು ಮುಗಿಸಿ, ಹೆದ್ದಾರಿ ಪಕ್ಕದ ಗಾಜಿನ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದಳು. ಕೂತರೆ ಮಂಡಿ ಎದೆಗೆ ಬರುವ ಸೋಫಾ. ಕಾಫಿಯ ಮೇಲೆ ಎಲೆಯ ಚಿತ್ರ. "ಕಲಸಬೇಡಮ್ಮಾ, ಫೋಟೋ ತೆಗೀಬೇಕು" ಅಂದಳು. ಫೋಟೋ ತೆಗೆಯುವಷ್ಟರಲ್ಲಿ ಕಾಫಿ ಆರಿತು. ತಣ್ಣನೆ ಗಾಳಿಗೆ ಮಂಡಿನೋವು ಹೆಚ್ಚಾದರೂ ಮಗಳು ಎದುರಿಗೆ ಕೂತು ಒಂದು ಗಂಟೆ ಮಾತಾಡಿದಳಲ್ಲ, ಅದೂ ಒಂದು ಭಾಗ್ಯವೇ. ಆದರೆ ಅದು ಅವಳ ಹೋಟೆಲು. ಹಿಂದಿನವೂ ಹಾಗೇ, ಒಂದು ಅಪ್ಪನದು, ಒಂದು ಗಂಡನದು, ಒಂದು ಹಾಲಿನ ಬಾಟಲಿಯದು.

ಈಗಿನದು ನನ್ನದು. ಮೊದಲ ಸಲ ಹೋದಾಗ ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಮಾಲೀಕರು ಒಳಗಿನ ಕೋಣೆಯ ಕಡೆ ಕೈ ತೋರಿಸಿ, ಒಳಗೆ ಫ್ಯಾಮಿಲಿ ರೂಮಿದೆ ಎಂದು ನಮ್ಮ ಕಡೆಯ ತೆಲುಗಿನಲ್ಲಿ, "ಲೋಪಲ ಫ್ಯಾಮಿಲಿ ಉಂದಮ್ಮಾ" ಅಂದರು.

"ಫ್ಯಾಮಿಲಿ ಮನೇಲಿದೆ ಕಣಪ್ಪ. ನಾನೊಬ್ಬಳೇ ಬಂದಿರೋದು" ಅಂದೆ.

ಅವರು ನಕ್ಕು ಮುಂದಿನ ಮೇಜು ತಾವೇ ಒರೆಸಿಕೊಟ್ಟರು. ಅಂದಿನಿಂದ ನಾಲ್ಕು ವರ್ಷ ಯಾರ ತಕರಾರೂ ಇರಲಿಲ್ಲ. ತಕರಾರು ಎದ್ದದ್ದು ಈ ವರ್ಷ, ನನ್ನದೇ ತಪ್ಪಿನಿಂದ.

ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಅಕ್ಕಿ ಪದಾರ್ಥ ಮುಟ್ಟುವಂತಿಲ್ಲ. ಹಣ್ಣು, ಹಾಲು, ಕಾಫಿ ನಡೆಯುತ್ತದೆ. ಏಕಾದಶಿ ಯಾವತ್ತು ಎಂದು ಹಿಂದಿನ ದಿನವೇ ಹೇಳುವುದು ಅತ್ತೆಯ ಕೆಲಸ. ಆ ವಾರ ಅವರು ಶ್ರೀನಿವಾಸಪುರದಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ನಾನು ಪಂಚಾಂಗ ತೆರೆಯಲಿಲ್ಲ. ಹೋಟೆಲಿನಲ್ಲಿ ಎರಡನೇ ಇಡ್ಲಿ ಅರ್ಧ ಆಗಿತ್ತು. ಪಕ್ಕದ ಮೇಜಿನಲ್ಲಿ ಹಿರಿಯರೊಬ್ಬರು, "ಇಡ್ಲಿ ಬೇಡಪ್ಪ, ಇವತ್ತು ಏಕಾದಶಿ, ಕಾಫಿ ಕೊಡು ಸಾಕು" ಅಂದರು. ತುತ್ತು ಬಾಯಲ್ಲೇ ಉಳಿಯಿತು. ನುಂಗಿದರೆ ವ್ರತಭಂಗ, ಉಗಿದರೆ ಅನ್ನಕ್ಕೆ ಅವಮಾನ. ನುಂಗಿದೆ. ಉಳಿದದ್ದಕ್ಕೆ ಕೈಮುಗಿದು ಎದ್ದು, ಮತ್ತೆ ಗುಡಿಗೆ ಹೋಗಿ ಆಂಜನೇಯನ ಮುಂದೆ ತಪ್ಪೊಪ್ಪಿಕೊಂಡೆ. ದಿನವಿಡೀ ಬೇರೇನೂ ತಿನ್ನಲಿಲ್ಲ.

ಅತ್ತೆ ಊರಿಂದ ಬಂದ ದಿನ ನಾನೇ ಹೇಳಿದೆ. ಮುಚ್ಚಿಡಬಹುದಿತ್ತು. ದೇವರಿಗೆ ಗೊತ್ತಿರುವುದನ್ನು ಅತ್ತೆಗೆ ಮುಚ್ಚಿಡುವುದು ನನ್ನಿಂದ ಆಗದು.

"ನೋಡಿದ್ಯೇನೋ, ಗುಡಿಗ್ ಹೋಗ್ತೀನಿ ಅಂತ ಹೋಗಿ ಏಕಾದಶೀಲಿ ಇಡ್ಲಿ ತಿಂದ್ಕೊಂಡ್ ಬಂದವ್ಳೆ ನಿನ್ ಹೆಂಡ್ತಿ" ಎಂದು ಅತ್ತೆ ಮಗನನ್ನು ಕರೆದರು. "ಹೋಟ್ಲು ಸಾಕು ಕಣೇ ಇನ್ಮೇಲೆ. ಮುತ್ತೈದೆ ರಸ್ತೇಲಿ ಕೂತು ತಿನ್ನೋದು ನಮ್ಮ ವಂಶದಲ್ಲೇ ಇಲ್ಲ."

"ತಪ್ಪು ಪಂಚಾಂಗ ನೋಡದೇ ಇದ್ದದ್ದು ಅತ್ತೆ. ಅದು ನಂದೇ. ಹೋಟ್ಲೇನ್ಮಾಡ್ತು?"

"ಮನೇಲಿ ಕೂತಿದ್ರೆ ತಿಂತಿದ್ಯಾ?"

"ಮನೇಲೂ ತಿಂತಿದ್ದೆ. ಹಿಟ್ಟು ನಾನೇ ರುಬ್ಬಿಟ್ಟಿದ್ದೆ."

ಅತ್ತೆಗೆ ನಗು ಬಂತು ಅನ್ನಿಸುತ್ತದೆ, ಸೆರಗು ಬಾಯಿಗೆ ಹಿಡಿದರು. ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಯಜಮಾನರು ಇಬ್ಬರಿಗೂ ಒಪ್ಪಿಗೆಯಾಗಲಿ ಎಂದು ಒಂದು ದಾರಿ ಹುಡುಕಿದರು. "ಒಂದ್ ಕೆಲ್ಸ ಮಾಡು. ಶನಿವಾರ ನಾನೇ ಫ್ಲಾಸ್ಕಲ್ಲಿ ಕಾಫಿ ತಂದ್ಕೊಡ್ತೀನಿ. ಅದೇ ಹೋಟ್ಲು, ಅದೇ ಕಾಫಿ. ಮನೇಲೇ ಕುಡಿ. ಅಮ್ಮಂಗೂ ಸಮಾಧಾನ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಹೆಚ್ಚು ಸಿಟ್ಟು ಬಂತು.

"ಕಾಫಿ ನಮ್ಮನೇಲಿ ನಾನೇ ಚೆನ್ನಾಗ್ ಮಾಡ್ತೀನಿ ರೀ. ಕಾಫಿಗೋಸ್ಕರ ಹೋಗ್ತಿಲ್ಲ. ಯಾರೋ ಒಬ್ರು ನನ್ ಮುಂದೆ ತಂದಿಡ್ತಾರೆ. ನಾನು ಏಳ್ಬೇಕಾಗಿಲ್ಲ. ಕುಡಿದ್ ಲೋಟ ನಾನು ತೊಳೀಬೇಕಾಗಿಲ್ಲ. ಅದನ್ನ ಫ್ಲಾಸ್ಕಲ್ಲಿ ಹೆಂಗ್ ತರ್ತೀರಾ?"

"ಹೋಗ್ಬೇಡ ಅಂದ್ರೆ?" ಎಂದು ಅವರು ಮೆಲ್ಲಗೆ ಕೇಳಿದರು.

"ಹೋಗ್ತೀನಿ. ಹೇಳೇ ಹೋಗ್ತೀನಿ."

ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿತ್ತು. ಗಂಡನ ಮಾತು ಮೀರಿದ ಪಾಪ ತಗಲುತ್ತದೆಯೇ ಎಂದು ಪೂಜೆಗೆ ಕೂತಾಗ ನಾನೂ ಯೋಚಿಸಿದೆ. ಮೂವತ್ತು ವರ್ಷ ಎಲ್ಲರ ಎಲೆಗೂ ಬಡಿಸಿದವಳು ವಾರಕ್ಕೊಂದು ಅರ್ಧ ಗಂಟೆ ಬಡಿಸಿಕೊಂಡರೆ ಯಾವ ದೇವರೂ ಮುನಿಯಲಾರ. ಮುನಿದರೆ ಅವನಿಗೂ ನೈವೇದ್ಯ ಮಾಡುವವಳು ನಾನೇ.

ಶನಿವಾರ ಪಂಚಾಂಗ ನೋಡಿದೆ. "ಗುಡಿಗೂ ಹೋಗ್ತೀನಿ, ಹೋಟ್ಲಿಗೂ ಹೋಗ್ತೀನಿ ಅತ್ತೆ" ಎಂದು ಗಟ್ಟಿಯಾಗಿ ಹೇಳಿ ಹೊರಟೆ. ಅವರು ಹೂಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. ಹೋಟೆಲಿನಲ್ಲಿ ಒಳಗಿನ ಮೇಜು ಖಾಲಿ ಇತ್ತು. ಒಂದು ಕ್ಷಣ ಕಾಲು ಆ ಕಡೆ ಎಳೆಯಿತು. ಇವತ್ತು ಒಳಗೆ ಕೂತರೆ ಇನ್ನು ಯಾವತ್ತೂ ಒಳಗೇ ಎಂದು ಮುಂದಿನದಕ್ಕೇ ಹೋಗಿ ಕೂತೆ.

ಕಾಫಿ ಬಂದ ಹೊತ್ತಿಗೆ ಯಜಮಾನರ ಸ್ಕೂಟರು ಬಂದು ಎದುರಿಗೇ ನಿಂತಿತು. ಎಂಜಿನ್ ಆರಿಸಲಿಲ್ಲ. ಹೆಲ್ಮೆಟ್ಟಿನ ಗಾಜು ಎತ್ತಿ, "ಆಯ್ತಾ? ಹತ್ತು, ಹೋಗೋಣ" ಅಂದರು.

ಗಲ್ಲಾದವರೂ, ಇಬ್ಬರು ಮೂವರು ಗಿರಾಕಿಗಳೂ ನನ್ನನ್ನೇ ನೋಡುತ್ತಿದ್ದರು.

"ಇನ್ನೂ ಆಗಿಲ್ಲ. ನೀವು ಹೋಗಿ, ನಾನು ಬರ್ತೀನಿ" ಅಂದೆ.

ಅವರು ಹೆಲ್ಮೆಟ್ಟಿನ ಗಾಜು ಇಳಿಸಿದರು. ಆಮೇಲೆ ಹೊರಟರು. ನಾನು ಬಿಸಿ ಕಾಫಿಯನ್ನು ನಿಧಾನಕ್ಕೆ ಆರಿಸಿಕೊಂಡು ಕುಡಿದೆ.